ಹೈಡ್ರಾಲಿಕ್ ಎಣ್ಣೆಗೆ ಸೇರುವುದು ಮಾಲಿನ್ಯವೇ, ಕಲಬೆರಕೆಯೇ, ಕಲ್ಮಶವೇ?

ಅಗೆಯುವ ಯಂತ್ರ, ಲೋಡರ್, ಕ್ರೇನ್‌ಗಳ ನಿರ್ವಹಣೆಯ ಕೈಪಿಡಿಯೊಂದರ ಕನ್ನಡ ಕರಡನ್ನು ತಿದ್ದುತ್ತಿದ್ದೇನೆ. ಅದರಲ್ಲಿ ಒಂದು ಇಡೀ ಅಧ್ಯಾಯ ಹೈಡ್ರಾಲಿಕ್ ಎಣ್ಣೆಗೆ, ಅಂದರೆ ಒತ್ತಡದಿಂದ ಈ ಯಂತ್ರಗಳ ತೋಳುಗಳನ್ನು ಆಡಿಸುವ ಎಣ್ಣೆಗೆ, ಸೇರಬಾರದ್ದು ಸೇರುವುದರ ಬಗ್ಗೆ. ‘ಕಂಟಾಮಿನೇಷನ್’ ಬಂದಲ್ಲೆಲ್ಲ ಕರಡಿನಲ್ಲಿ ‘ಮಾಲಿನ್ಯ’ ಎಂದಿದೆ. ಅಧ್ಯಾಯದ ಹೆಸರು ‘ತೈಲ ಮಾಲಿನ್ಯ ನಿಯಂತ್ರಣ’. ಓದಿದವರು ಏನೆಂದುಕೊಳ್ಳುತ್ತಾರೆ? ಎಣ್ಣೆ ನೆಲಕ್ಕೆ ಚೆಲ್ಲಿ ಮಣ್ಣು ಕೆಡದಂತೆ ನೋಡಿಕೊಳ್ಳುವುದು ಹೇಗೆ ಎಂದು. ಜಲಮಾಲಿನ್ಯದಲ್ಲಿ ಕೆಡುವುದು ಜಲ, ವಾಯುಮಾಲಿನ್ಯದಲ್ಲಿ ಕೆಡುವುದು ವಾಯು. ಆದರೆ ಪ್ಲಾಸ್ಟಿಕ್ ಮಾಲಿನ್ಯ, ತೈಲ ಮಾಲಿನ್ಯ ಎಂದಾಗ ಮುಂದೆ ನಿಂತ ಪದವೇ ಅಪರಾಧಿ. ನಮ್ಮ ಅಧ್ಯಾಯದಲ್ಲಿ ಎಣ್ಣೆ ಅಪರಾಧಿಯಲ್ಲ, ಪೆಟ್ಟು ತಿನ್ನುವುದೇ ಅದು.

‘ಕಲಬೆರಕೆ’ ಇನ್ನೂ ಕೆಟ್ಟ ಆಯ್ಕೆ. ಆ ಪದದಲ್ಲಿ ಯಾರೋ ಲಾಭಕ್ಕಾಗಿ ಬೇಕೆಂದೇ ಬೆರೆಸಿದ ವಾಸನೆಯಿದೆ. ಸಿಲಿಂಡರಿನ ದಂಡ ಹೊರಗೆ ಚಾಚಿ ಒಳಗೆ ಹೋಗುವಾಗ ಸವೆದ ಸೀಲಿನ ಅಂಚಿನಿಂದ ನುಸುಳುವ ದೂಳಿಗೆ ಅಂಥ ಉದ್ದೇಶವೇನೂ ಇಲ್ಲ. ಬೇರೆ ಜಾತಿಯ ಎಣ್ಣೆಯನ್ನು ತಪ್ಪಾಗಿ ಟ್ಯಾಂಕಿಗೆ ಸುರಿದ ಸಂದರ್ಭಕ್ಕೆ ಮಾತ್ರ ‘ಬೆರಕೆ’ ಎನ್ನಬಹುದೇನೋ, ‘ಕಲ’ ಬಿಟ್ಟು.

ಉಳಿದದ್ದು ‘ಕೊಳೆ’ ಮತ್ತು ‘ಕಲ್ಮಶ’. ಕೊಳೆ ಅಚ್ಚಗನ್ನಡ, ಎಲ್ಲರಿಗೂ ಗೊತ್ತು. ತೊಡಕೆಂದರೆ ನಾಮಪದವಾಗಿ ಅದು ಕಸ, ಕ್ರಿಯಾಪದವಾದ ಕೂಡಲೇ ಹಣ್ಣಿನ ಗತಿ: ‘ಎಣ್ಣೆ ಕೊಳೆತಿದೆ’ ಎಂದು ಯಾರೂ ಬರೆಯಲಾರರು. ‘ಕೊಳೆಯಾಗಿದೆ’ ಎನ್ನಬಹುದು, ಆದರೆ ಕೊಳೆ ಎಂದರೆ ಕಣ್ಣಿಗೆ ಕಾಣುವಂಥದ್ದು. ಇಲ್ಲಿ ಹಾನಿ ಮಾಡುವ ಕಣಗಳಲ್ಲಿ ಬಹುಪಾಲು ಕಾಣುವುದೇ ಇಲ್ಲ. ಬರಿಗಣ್ಣು ಸುಮಾರು 40 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಚಿಕ್ಕದನ್ನು ಹಿಡಿಯಲಾರದು. ಎಣ್ಣೆಯ ಹರಿವನ್ನು ನಿಖರವಾಗಿ ನಿಯಂತ್ರಿಸುವ ಸರ್ವೋ ವಾಲ್ವಿನ ಒಳಗಿನ ಸಂದು ಕೆಲವೇ ಮೈಕ್ರಾನ್. ಆ ಸಂದಿನಷ್ಟೇ ದಪ್ಪದ ಕಣ ಎರಡು ಲೋಹಗಳ ನಡುವೆ ಸಿಕ್ಕಿ ಉಜ್ಜುತ್ತದೆ, ಉಜ್ಜಿ ಇನ್ನಷ್ಟು ಲೋಹದ ಚೂರು ಎಬ್ಬಿಸುತ್ತದೆ. ಪಾರದರ್ಶಕವಾಗಿ ಹೊಳೆಯುವ ಎಣ್ಣೆಯೂ ಪಂಪನ್ನು ತಿಂದುಹಾಕಬಲ್ಲದು. ಹಾಗಾಗಿ ನನ್ನ ಒಲವು ‘ಕಲ್ಮಶ’ದ ಕಡೆಗೆ. ಅದು ಕಾಣದಿದ್ದರೂ ಇರುತ್ತದೆ. ಮನಸ್ಸಿನ ಕಲ್ಮಶ ಎನ್ನುವುದಿಲ್ಲವೇ. ದೂಳು, ನೀರು, ಗಾಳಿ, ಸವೆತದ ಚೂರು ಎಲ್ಲವನ್ನೂ ಅದು ತನ್ನೊಳಗೆ ಸೇರಿಸಿಕೊಳ್ಳುತ್ತದೆ.

ಇದಕ್ಕಿಂತ ಗಂಭೀರವಾದದ್ದು ‘ಕೆಡು’ ಕ್ರಿಯಾಪದದ ಸಮಸ್ಯೆ. ಕರಡಿನಲ್ಲಿ ‘ಎಣ್ಣೆ ಕೆಟ್ಟಿದ್ದರೆ’ ಎಂದು ಎರಡು ಬೇರೆ ಸ್ಥಿತಿಗಳಿಗೂ ಬಳಸಿದ್ದಾರೆ. ಹೊರಗಿನದು ಸೇರಿರುವುದು ಒಂದು. ಶಾಖ ಮತ್ತು ಆಮ್ಲಜನಕದಿಂದ ಎಣ್ಣೆಯೇ ಉತ್ಕರ್ಷಣಗೊಂಡು, ಅದರ ಗುಣ ಕಾಯಲೆಂದು ತಯಾರಕರೇ ಹಾಕಿದ ರಾಸಾಯನಿಕಗಳು ತೀರಿಹೋಗಿರುವುದು ಇನ್ನೊಂದು. ಮೊದಲನೆಯದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಶೋಧಿಸಿದರೆ ಸಾಕು, ಅದೇ ಎಣ್ಣೆ ಮತ್ತೆ ಓಡುತ್ತದೆ. ಎರಡನೆಯದಕ್ಕೆ ಎಷ್ಟು ಶೋಧಿಸಿದರೂ ಪ್ರಯೋಜನವಿಲ್ಲ, ಬದಲಾಯಿಸಲೇಬೇಕು. ಒಂದೇ ಪದ ಬಳಸಿದರೆ ಕೆಲಸಗಾರ ಒಳ್ಳೆಯ ಎಣ್ಣೆಯನ್ನು ಚೆಲ್ಲುತ್ತಾನೆ, ಇಲ್ಲವೇ ಸತ್ತ ಎಣ್ಣೆಯನ್ನು ಶೋಧಿಸುತ್ತ ಕೂರುತ್ತಾನೆ. ಮೊದಲನೆಯದಕ್ಕೆ ‘ಕಲ್ಮಶ ಸೇರಿದೆ’, ಎರಡನೆಯದಕ್ಕೆ ‘ಎಣ್ಣೆ ಹಳಸಿದೆ’ ಎಂದು ಸೂಚಿಸುತ್ತೇನೆ. ಹಳಸುವುದು ಅನ್ನಕ್ಕೆ ಮಾತ್ರ ಮೀಸಲು ಎನ್ನುವವರಿದ್ದರೆ ವಾದಿಸಲಿ. ನೀರು ಮತ್ತು ತಾಮ್ರದ ಚೂರುಗಳು ಉತ್ಕರ್ಷಣವನ್ನು ಚುರುಕುಗೊಳಿಸುವುದರಿಂದ ಮೊದಲ ಸ್ಥಿತಿ ಎರಡನೆಯದನ್ನು ಬೇಗ ತರುತ್ತದೆ ನಿಜ. ಹಾಗೆಂದು ಎರಡೂ ಒಂದೇ ಅಲ್ಲ.

‘ಶುದ್ಧ’ ಪದವೂ ಇಂಥದ್ದೇ. ಹೊಸ ಡ್ರಮ್ಮಿನ ಎಣ್ಣೆ ಬೆರಕೆಯಿಲ್ಲದ್ದು ಎಂಬ ಅರ್ಥದಲ್ಲಿ ಶುದ್ಧವೇ. ಆದರೂ ಯಂತ್ರ ಕೇಳುವಷ್ಟು ಸ್ವಚ್ಛವಾಗಿರುವುದಿಲ್ಲ, ಅದನ್ನೂ ಶೋಧಿಸಿಯೇ ತುಂಬಬೇಕು. ‘ಶುದ್ಧ ಎಣ್ಣೆಯನ್ನೇ ಹಾಕಿ’ ಎಂದು ಬರೆದರೆ ಡ್ರಮ್ಮಿನಿಂದ ನೇರ ಸುರಿಯಿರಿ ಎಂದಂತಾಗುತ್ತದೆ.

ಎಣ್ಣೆಯಲ್ಲಿನ ಕಣಗಳ ಪ್ರಮಾಣ ಹೇಳುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 4406ರ ಸಂಕೇತವನ್ನು ಕರಡಿನಲ್ಲಿ ‘ಸ್ವಚ್ಛತಾ ಮಟ್ಟ’ ಎಂದಿದ್ದಾರೆ. ಅದರಲ್ಲಿ 18/16/13 ಎಂಬಂತೆ ಮೂರು ಅಂಕಿಗಳಿರುತ್ತವೆ. ಒಂದು ಮಿಲಿಲೀಟರಿನಲ್ಲಿ ಕ್ರಮವಾಗಿ 4, 6, 14 ಮೈಕ್ರಾನ್ ಹಾಗೂ ಅದಕ್ಕಿಂತ ದೊಡ್ಡ ಕಣಗಳು ಎಷ್ಟಿವೆ ಎಂಬುದರ ವರ್ಗಗಳವು. 18 ಎಂದರೆ 1,300ರಿಂದ 2,500ರವರೆಗೆ, 13 ಎಂದರೆ 40ರಿಂದ 80. ಅಂಕಿ ಒಂದು ಏರಿದರೆ ಕಣಗಳು ಸುಮಾರು ಇಮ್ಮಡಿ. ಅಂದರೆ ಏರುವುದು ಸ್ವಚ್ಛತೆಯಲ್ಲ, ಅದರ ವಿರುದ್ಧ! ‘ಸ್ವಚ್ಛತಾ ಮಟ್ಟ 21ಕ್ಕೆ ಏರಿದೆ’ ಎಂದು ಓದಿದವನು ಖುಷಿಪಡಬಹುದು. ‘ಕಣ ಸೂಚಿ’ ಎಂದರೆ ಈ ಗೊಂದಲವಿಲ್ಲ.

ಇನ್ನು ‘ಹೈಡ್ರಾಲಿಕ್’. ಕರಡಿನ ಒಂದೆರಡು ಕಡೆ ‘ಜಲಚಾಲಿತ’ ಎಂದಿದೆ. ಗ್ರೀಕಿನ ಮೂಲ ಪದದಲ್ಲಿ ನೀರಿದೆ, 1795ರಲ್ಲಿ ಜೋಸೆಫ್ ಬ್ರಾಮಾ ಪೇಟೆಂಟ್ ಪಡೆದ ಒತ್ತುಯಂತ್ರವೂ ನೀರಿನದೇ. ಆದರೆ ನೀರು ಸೇರಿದರೆ ಎಣ್ಣೆ ಬೆಳ್ಳಗಾಗಿ, ಬೇರಿಂಗ್ ತುಕ್ಕು ಹಿಡಿದು ಕೂರುವ ಯಂತ್ರವನ್ನು ಜಲಚಾಲಿತ ಎಂದು ಕರೆದು, ಮುಂದಿನ ಸಾಲಿನಲ್ಲೇ ‘ಜಲ ಸೇರದಂತೆ ಎಚ್ಚರವಹಿಸಿ’ ಎನ್ನುವುದು ಹಾಸ್ಯಾಸ್ಪದ. ‘ದ್ರವಚಾಲಿತ’ ಪರವಾಗಿಲ್ಲ, ಹೈಡ್ರಾಲಿಕ್ ಎಂದೇ ಬಿಡುವುದು ಇನ್ನೂ ಮೇಲು.

ಈಗ ನಿಮ್ಮಲ್ಲಿ ಕೇಳಬೇಕಾದದ್ದು. ತಯಾರಿಕೆಯ ವೇಳೆಯಲ್ಲೇ ಉಳಿದುಬಿಟ್ಟ ಕಸ, ಹೊರಗಿನಿಂದ ಬಂದದ್ದು, ಒಳಗೇ ಸವೆತದಿಂದ ಹುಟ್ಟಿದ್ದು ಎಂಬ ಮೂರು ಬಗೆಗೆ ‘ಉಳಿಕೆ ಕಲ್ಮಶ, ಹೊರಗಿನ ಕಲ್ಮಶ, ಸವೆತದ ಕಲ್ಮಶ’ ಸರಿಯೇ? ತಳದಲ್ಲಿ ನಿಲ್ಲುವುದಕ್ಕೆ ‘ಚರಟ’, ಹಳಸಿದ ಎಣ್ಣೆಯಿಂದ ವಾಲ್ವಿಗೆ ಅಂಟುವ ಕಂದು ಪದರಕ್ಕೆ ‘ಕಿಟ್ಟ’ ಎಂದಿಟ್ಟುಕೊಂಡಿದ್ದೇನೆ. ಎರಡೂ ಈಗಲೂ ಬಳಕೆಯಲ್ಲಿವೆಯೇ? ಎಣ್ಣೆಯಲ್ಲಿ ಹೊರಗಾಳಿ ಸೇರಿ ಗುಳ್ಳೆಯಾಗುವುದು ಮತ್ತು ಪಂಪಿನ ಬಾಯಲ್ಲಿ ಒತ್ತಡ ಕುಸಿದು ಎಣ್ಣೆಯೇ ಆವಿಯ ಗುಳ್ಳೆಯಾಗಿ ಮತ್ತೆ ಒಡೆಯುವುದು, ಇವೆರಡನ್ನೂ ಕರಡು ‘ಗುಳ್ಳೆ ಏಳುವುದು’ ಎಂದೇ ಬಿಟ್ಟಿದೆ. ಕಾರಣ ಬೇರೆ, ಪರಿಹಾರ ಬೇರೆ. ಮೊದಲನೆಯದಕ್ಕೆ ‘ಗಾಳಿ ಸೇರಿಕೆ’ ಸಾಕು. ಎರಡನೆಯದಕ್ಕೆ ಇಂಥ ಯಂತ್ರದ ಮೇಲೆ ಕೆಲಸ ಮಾಡುವವರು ಏನೆನ್ನುತ್ತಾರೆ?