ನೆಲಮಾಳಿಗೆ ಮುಚ್ಚುವ ಮೊದಲೇ ರೈಲು ಬೋಗಿ ಇಳಿಸಿದ್ದೇಕೆ? ಮ್ಯೂಸಿಯಂ ಕಟ್ಟಡದ ಶೆಡ್ಯೂಲ್ ಬಗ್ಗೆ

ಪ್ರಶ್ನೆ: ಹೊಸ_ಪ್ಲಾನರ್

ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ಮ್ಯೂಸಿಯಂಗೆ 2012ರ ಫೆಬ್ರವರಿಯಲ್ಲಿ ಗುದ್ದಲಿ ಪೂಜೆ ಆಯಿತು, 2016ರ ಸೆಪ್ಟೆಂಬರ್ 24ಕ್ಕೆ ಉದ್ಘಾಟನೆ. ಅರ್ಧಕ್ಕಿಂತ ಹೆಚ್ಚು ಭಾಗ ನೆಲದಡಿ ಇದೆ. 2013ರ ನವೆಂಬರಿನಲ್ಲೇ ಅಮೆರಿಕದ ಹಳೆಯ ಸದರ್ನ್ ರೈಲ್ವೆ ಕಂಪನಿಯ ಬೋಗಿ ಮತ್ತು ಲೂಸಿಯಾನಾ ರಾಜ್ಯದ ಅಂಗೋಲಾ ಜೈಲಿನ 21 ಅಡಿ ಎತ್ತರದ ಕಾವಲುಗೋಪುರವನ್ನು ಕ್ರೇನಿನಲ್ಲಿ ಒಳಗಿಳಿಸಿದರು. ಅಷ್ಟು ವರ್ಷ ಧೂಳಿನಲ್ಲಿ ಇಡುವ ಬದಲು ಒಂದು ದಾರಿ ಬಿಟ್ಟುಕೊಂಡು ಕೊನೆಗೆ ತರಬಹುದಿತ್ತಲ್ಲವೇ? ಅಂತರ್ಜಲವನ್ನು ಹೇಗೆ ನಿಭಾಯಿಸುತ್ತಾರೆ?

ಉತ್ತರ 1: ಎತ್ತುವಳಿ

ಬೋಗಿ ಸುಮಾರು 80 ಅಡಿ ಉದ್ದ, 77 ಟನ್. ಅಕ್ಕಪಕ್ಕದ ಗೋಡೆ ಮಣ್ಣು-ನೀರಿನ ಒತ್ತಡ ತಡೆಯುವಂಥದ್ದು, ಅದರಲ್ಲಿ ದಾರಿ ಬಿಡುವ ಮಾತೇ ಇಲ್ಲ. ಮೇಲಿನಿಂದ ಬಿಡೋಣ ಎಂದರೆ, ಇಂಥ ಆಳದಲ್ಲಿ ಸ್ಲ್ಯಾಬ್‌ಗಳೇ ಗೋಡೆಗೆ ಅಡ್ಡ ಆಸರೆ. 80 ಅಡಿ ಖಾಲಿ ಬಿಟ್ಟರೆ ಅಷ್ಟುದ್ದಕ್ಕೂ ಉಕ್ಕಿನ ತಾತ್ಕಾಲಿಕ ಆಸರೆ ಬೇಕು, ಅದರ ಮೇಲಿನ ಅಂತಸ್ತುಗಳೂ ಕಾಯಬೇಕು. ಇಲ್ಲಿ ವಸ್ತುವೇ ಶೆಡ್ಯೂಲ್ ನಡೆಸುತ್ತದೆ, ಕಟ್ಟಡವಲ್ಲ. ಸರಕು ಲಿಫ್ಟಿನ ಬಾಗಿಲಿಗೆ ಹಿಡಿಸದ ಪ್ರತಿ ವಸ್ತುವಿನ ತೂಕ, ಪ್ಯಾಕಿಂಗ್ ಸಹಿತ ಅಳತೆ, ಎತ್ತುವ ಬಿಂದುಗಳು ಡಿಸೈನ್ ಹಂತದಲ್ಲೇ ಕೈಯಲ್ಲಿರಬೇಕು.

ಎಡವುವುದು ಹೆಚ್ಚಾಗಿ ಕ್ರೇನ್ ನಿಲ್ಲಿಸುವಲ್ಲಿ. ಗುಂಡಿಯ ಅಂಚಿನಲ್ಲಿ ಅದರ ಕಾಲುಗಳ ಭಾರ ಗೋಡೆಯನ್ನು ಒಳಗೆ ತಳ್ಳುತ್ತದೆ. ಆಸರೆ ಡಿಸೈನ್ ಮಾಡಿದವರು ಆ ಲೆಕ್ಕಕ್ಕೆ ಸಹಿ ಹಾಕಬೇಕು. ಹಿಂದೆ ಸರಿಸಿದರೆ ರೇಡಿಯಸ್ (ಕ್ರೇನಿನಿಂದ ಭಾರದವರೆಗಿನ ಅಡ್ಡ ದೂರ) ಹೆಚ್ಚಿ ಎತ್ತುವ ಶಕ್ತಿ ಇಳಿಯುತ್ತದೆ. ಎರಡು ಕ್ರೇನ್ ಜೋಡಿಯಾಗಿ ಎತ್ತುವಾಗ ಪ್ರತಿಯೊಂದನ್ನೂ ಲೋಡ್ ಚಾರ್ಟ್ (ಯಾವ ದೂರದಲ್ಲಿ ಎಷ್ಟು ಎತ್ತಬಹುದು ಎಂಬ ಪಟ್ಟಿ) ಹೇಳುವ ಮಿತಿಯ 75%ರೊಳಗೆ ಇಡುವುದು ವಾಡಿಕೆ, ಯಾಕೆಂದರೆ ಒಂದು ತುಸು ನಿಧಾನವಾದರೂ ಭಾರ ಇನ್ನೊಂದಕ್ಕೆ ಜಾರುತ್ತದೆ.

ಇಳಿಸಿದ ಮೇಲೆ ಸುತ್ತ ಗಟ್ಟಿ ಪೆಟ್ಟಿಗೆ, ಬೆಂಕಿ ಹತ್ತದ ಹೊದಿಕೆ, ಒಳಗೆ ತೇವ ಹೀರುವ ಯಂತ್ರ. ಅದಕ್ಕೆ ಪ್ರತ್ಯೇಕ ಕರೆಂಟ್ ಲೈನ್ ಕೊಡಿ. ಸೈಟಿನ ಲೈನಿಗೆ ಜೋಡಿಸಿದರೆ ಶನಿವಾರ ಸಂಜೆ ಯಾರೋ ಮೇನ್ ಸ್ವಿಚ್ ಆಫ್ ಮಾಡಿ ಹೋಗುತ್ತಾರೆ.

ಉತ್ತರ 2: ತಳಪಾಯ

ನೀರಿನ ವಿಷಯ. ಆ ಜಾಗ ಹಳೆಯ ಟೈಬರ್ ಹಳ್ಳದ ಜೌಗು ನೆಲದ ಪಕ್ಕ. ಇಂಥಲ್ಲಿ ಬೆಂಟೊನೈಟ್ ಎಂಬ ಜೇಡಿಮಣ್ಣಿನ ರಾಡಿ ತುಂಬಿದ ಕಂದಕದಲ್ಲಿ ಡಯಾಫ್ರಾಮ್ ಗೋಡೆ (ಗುಂಡಿ ಅಗೆಯುವ ಮೊದಲೇ ನೆಲದೊಳಗೆ ಎರೆಯುವ ಕಾಂಕ್ರೀಟ್ ಗೋಡೆ) ಹಾಕುತ್ತಾರೆ. ಕಾಂಕ್ರೀಟನ್ನು ಕಂದಕದ ತಳಕ್ಕೆ ಇಳಿಸುವ ಟ್ರೆಮಿ ಪೈಪಿನ ತುದಿ ಯಾವಾಗಲೂ ಕನಿಷ್ಠ 2-3 ಮೀಟರ್ ಹಸಿ ಕಾಂಕ್ರೀಟಿನೊಳಗೇ ಇರಬೇಕು. ಅವಸರದಲ್ಲಿ ಮೇಲೆಳೆದರೆ ರಾಡಿ ಕಾಂಕ್ರೀಟಿಗೆ ಸೇರಿ ಒಂದು ಮೆತ್ತನೆ ಪಟ್ಟಿ ಉಳಿಯುತ್ತದೆ. ಅಗೆಯುತ್ತ ಹೋದಾಗ ಸೋರುವುದು ಅಲ್ಲೇ. ಗೋಡೆಯನ್ನು ತುಂಡು ತುಂಡಾಗಿ ಎರೆಯುವುದರಿಂದ ಆ ತುಂಡುಗಳ (ಪ್ಯಾನೆಲ್) ಜಾಯಿಂಟ್ ಎರಡನೇ ದುರ್ಬಲ ಜಾಗ.

ಇನ್ನೂ ದೊಡ್ಡ ಅಪಾಯ ತೇಲುವಿಕೆ. ನೀರಿನ ಮಟ್ಟ ರಾಫ್ಟಿನ (ಕಟ್ಟಡದಡಿಯ ದಪ್ಪ ಕಾಂಕ್ರೀಟ್ ಹಾಸಿನ) ತಳಕ್ಕಿಂತ 15 ಮೀಟರ್ ಮೇಲಿದ್ದರೆ ಪ್ರತಿ ಚದರ ಮೀಟರಿಗೆ 15 ಟನ್ ಮೇಲ್ಮುಖ ಒತ್ತಡ. ಒಂದೂವರೆ ಮೀಟರ್ ದಪ್ಪದ ರಾಫ್ಟ್ ಕೊಡುವುದು ಹೆಚ್ಚೆಂದರೆ 3.75 ಟನ್. ಉಳಿದದ್ದು ಮೇಲಿನ ಅಂತಸ್ತುಗಳಿಂದ ಬರಬೇಕು, ಇಲ್ಲವೇ ಮೇಲೆಳೆತ ತಡೆಯಲು ನೆಲದಾಳಕ್ಕೆ ಇಳಿಸಿದ ಪೈಲ್‌ಗಳಿಂದ. ಅಲ್ಲಿಯವರೆಗೆ ಪಂಪ್ ನಿಲ್ಲುವಂತಿಲ್ಲ, ಜನರೇಟರ್ ಸದಾ ಸಿದ್ಧವಿರಬೇಕು. “ಪಂಪ್ ನಿಲ್ಲಿಸುವ ದಿನ” ಎಂಬುದನ್ನು ಶೆಡ್ಯೂಲಿನಲ್ಲಿ ಪ್ರತ್ಯೇಕ ಸಾಲಾಗಿ ಬರೆದು ಸ್ಟ್ರಕ್ಚರಲ್ ಇಂಜಿನಿಯರ್ ಸಹಿ ಕಡ್ಡಾಯ ಮಾಡಿ.

ಪಂಪಿಂಗ್ ಅತಿಯಾದರೆ ಸುತ್ತಲ ನೆಲ ಕುಸಿಯುತ್ತದೆ. ಕೂಗಳತೆಯಲ್ಲಿ ವಾಷಿಂಗ್ಟನ್ ಸ್ಮಾರಕ ಸ್ತಂಭ ಇರುವಾಗ ಇದು ಸಣ್ಣ ಮಾತಲ್ಲ. ಹೊರಗಿನ ನೀರಿನ ಮಟ್ಟವನ್ನೂ ಗೋಡೆಯ ಬಾಗುವಿಕೆಯನ್ನೂ ದಿನಾ ಅಳೆದು, ಎಷ್ಟು ದಾಟಿದರೆ ಕೆಲಸ ನಿಲ್ಲಿಸಬೇಕು ಎಂಬ ಅಂಕಿಯನ್ನು ಅಗೆಯುವ ಮೊದಲೇ ಒಪ್ಪಿಕೊಂಡಿರಬೇಕು.

ಹೊಸ_ಪ್ಲಾನರ್: ತುಂಬಾ ಧನ್ಯವಾದ ಸರ್. ಹೊರಗಿನ ಕಂಚು ಬಣ್ಣದ ಜಾಲರಿ?

ಉತ್ತರ 3: ಮುಖಭಾಗ

ಸುಮಾರು 3,600 ಪ್ಯಾನೆಲ್, ಒಟ್ಟು 230 ಟನ್, ಎರಕದ ಅಲ್ಯೂಮಿನಿಯಂ. ಮೊದಲು ಯೋಚಿಸಿದ್ದು ಕಂಚು. ಇಂಥದ್ದರಲ್ಲಿ ಬಣ್ಣದ ತೀರ್ಮಾನಕ್ಕೇ ಬಹಳ ಕಾಲ ಹಿಡಿಯುತ್ತದೆ, ಏಕೆಂದರೆ ಆಫೀಸಿನ ದೀಪದಲ್ಲಿ ಒಪ್ಪಿದ ತುಂಡು ಮೋಡದ ದಿನ ಮಂಕಾಗಿ ಕಾಣುತ್ತದೆ. ಪೂರ್ಣ ಗಾತ್ರದ ಮಾದರಿಯನ್ನು ಸೈಟಿನಲ್ಲೇ, ನಿಜವಾದ ದಿಕ್ಕಿಗೆ ನಿಲ್ಲಿಸಿ ಬೆಳಗ್ಗೆ, ಮಧ್ಯಾಹ್ನ, ಮೋಡದಲ್ಲಿ ನೋಡಿ. ಅಚ್ಚಿನ ಆರ್ಡರ್ ಆಮೇಲೆ.

ಇನ್ನೊಂದು, ಎಲ್ಲರೂ ಕಡಿಮೆ ಲೆಕ್ಕ ಹಾಕುವುದು: ಒಣಗುವ ಕಾಲ. ಹೊಸ ಕಾಂಕ್ರೀಟ್ ತಿಂಗಳುಗಟ್ಟಲೆ ತೇವ ಬಿಡುತ್ತದೆ. ಎಸಿ ಪೂರ್ತಿ ಓಡಿಸಿ, ಒಳಗಿನ ಆರ್ದ್ರತೆ ವಾರಗಟ್ಟಲೆ ಹಗಲು-ರಾತ್ರಿ ಸ್ಥಿರವಾಗಿದೆ ಎಂದು ದಾಖಲೆ ತೋರಿಸುವವರೆಗೆ ಬಟ್ಟೆ, ಕಾಗದ, ಚರ್ಮದ ವಸ್ತು ಒಳಗೆ ಬಿಡಬೇಡಿ. ಉದ್ಘಾಟನೆ ದಿನ ಹತ್ತಿರವಾದಂತೆ ಮೊದಲು ಕತ್ತರಿ ಬೀಳುವುದು ಈ ವಾರಗಳಿಗೇ. ಆದ್ದರಿಂದ ಇವನ್ನು ಒಪ್ಪಂದದಲ್ಲೇ ಬರೆಸಿಡಿ.