ಹಳೆಯ ಲಕ್ಸುರಿ ಸೆಡಾನ್‌ಗೆ ಹೊರಗಿನ (ಕಂಪನಿಯದಲ್ಲದ) ಸೈಲೆನ್ಸರ್: ಗುಂಯ್ ಅನ್ನದ್ದು ಯಾವುದು?

ಪ್ರಶ್ನೆ:
20 ವರ್ಷ ದಾಟಿದ ಗಾಡಿ, 3 ಲೀಟರ್ ಇನ್‌ಲೈನ್ ಸಿಕ್ಸ್ ಪೆಟ್ರೋಲ್, ಆಟೋಮ್ಯಾಟಿಕ್. ಹಿಂದಿನ ಸೈಲೆನ್ಸರ್ ಅಂಚಿನುದ್ದಕ್ಕೂ ತುಕ್ಕು ಹಿಡಿದು ತೂತಾಗಿದೆ. ರೆಸೊನೇಟರ್ (ಸದ್ದು ತಗ್ಗಿಸೋ ಇನ್ನೊಂದು ಡಬ್ಬಿ), ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡೋ ಭಾಗ) ಎರಡೂ ಚೆನ್ನಾಗಿವೆ. ಹೈವೇಯಲ್ಲಿ 2000 ಆರ್‌ಪಿಎಂ ಹೊತ್ತಿಗೆ ಒಳಗೆ ಗುಂಯ್‌ಗುಟ್ಟಬಾರದು, ಅಷ್ಟೇ. ಸ್ಟ್ರೇಟ್ ಥ್ರೂ (ಒಳಗೆ ತೂತುಗಳಿರೋ ನೇರ ಪೈಪ್, ಸುತ್ತ ವುಲ್) ನಡೆಯುತ್ತಾ, ಚೇಂಬರ್ (ತಟ್ಟೆಗಳಿಂದ ಭಾಗ ಮಾಡಿದ ಕೋಣೆಗಳು) ಇರೋದೇ ಬೇಕಾ?

ಉತ್ತರ 1:
ಚೇಂಬರ್ ಇರೋದೇ ತಗೊಳ್ಳಿ. ಆರು ಸಿಲಿಂಡರ್ ಇಂಜಿನ್ ಒಂದು ಸುತ್ತಿಗೆ ಮೂರು ಸಲ ಫೈರ್ ಆಗುತ್ತೆ. 2000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಸಲ, ಅಂದರೆ 100 ಹರ್ಟ್ಸ್. ಸ್ಟ್ರೇಟ್ ಥ್ರೂ ಒಳಗಿನ ವುಲ್ ಕೀಚಲು ಸದ್ದನ್ನು ಹೀರುತ್ತೆ, ಇಷ್ಟು ದಪ್ಪ ಸದ್ದಿಗೆ ಅದು ಸಾಲದು. ಡಬ್ಬಿಯ ಗಾತ್ರ ಹಳೆಯದರಷ್ಟೇ ಇರಲಿ. ಚಿಕ್ಕ ಯೂನಿವರ್ಸಲ್ ಡಬ್ಬಿ ಹಾಕಿ ಆಮೇಲೆ ಸದ್ದು ಅಂತ ಗೋಳಾಡಿ ಫಲವಿಲ್ಲ. ಪೈಪಿನ ವ್ಯಾಸವನ್ನೂ ಹೆಚ್ಚಿಸಬೇಡಿ. ಹೆಚ್ಚೋದು ಸದ್ದು, ಪವರ್ ಅಲ್ಲ.

ಉತ್ತರ 2:
ಲೋಹದ ವಿಷಯ. ಸೈಲೆನ್ಸರ್ ಕೊಳೆಯೋದು ಹೆಚ್ಚಾಗಿ ಒಳಗಿಂದಲೇ. ಚಿಕ್ಕ ಓಡಾಟದಲ್ಲಿ ಹಿಂದಿನ ಡಬ್ಬಿ ಪೂರ್ತಿ ಕಾಯುವಷ್ಟರಲ್ಲಿ ಗಾಡಿ ಆಫ್ ಆಗಿರುತ್ತೆ, ಹೊಗೆಯಲ್ಲಿನ ಹಬೆ ನೀರಾಗಿ ತಳದಲ್ಲಿ ನಿಲ್ಲುತ್ತೆ. ಬರೀ ‘ಸ್ಟೇನ್‌ಲೆಸ್’ ಅಂದರೆ ಒಪ್ಪಬೇಡಿ, ಗ್ರೇಡ್ ಕೇಳಿ. 409 ಆದರೆ ಮ್ಯಾಗ್ನೆಟ್ ಅಂಟುತ್ತೆ, ಮೇಲೆ ಕೆಂಪು ತುಕ್ಕೂ ಕಾಣುತ್ತೆ. 304 ಹೆಚ್ಚು ಬಾಳುತ್ತೆ. ಹೊರಕವಚ ಮಾತ್ರ 304 ಆಗಿ ಒಳಗಿನ ತಟ್ಟೆಗಳು ಮಾಮೂಲಿ ಕಬ್ಬಿಣವಾಗಿದ್ದರೆ ಕೆಲವೇ ವರ್ಷಕ್ಕೆ ಗಡಗಡ ಶುರು.

ಉತ್ತರ 3:
ಹಳೆಯ ಪೈಪ್ ಮೊದಲೇ ಕತ್ತರಿಸಿ ಆಮೇಲೆ ಪರದಾಡಬೇಡಿ. ಹೊಸ ಸೈಲೆನ್ಸರನ್ನು ಪಕ್ಕದಲ್ಲಿಟ್ಟು ಹ್ಯಾಂಗರ್ ಕಡ್ಡಿಗಳ (ಗಾಡಿಯಡಿ ತೂಗುಹಾಕೋ ಕಡ್ಡಿಗಳ) ಜಾಗ ತಾಳೆ ನೋಡಿ ಗುರುತು ಹಾಕಿ. ಪೈಪುಗಳು ಒಂದರೊಳಗೊಂದು 40–50 ಮಿ.ಮೀ. ಕೂರಬೇಕು. ಯು-ಕ್ಲ್ಯಾಂಪ್ ಪೈಪನ್ನು ಜಜ್ಜುತ್ತೆ, ಮುಂದೆ ಬಿಚ್ಚಲು ಬರಲ್ಲ. ಅಗಲ ಪಟ್ಟಿಯ ಬ್ಯಾಂಡ್ ಕ್ಲ್ಯಾಂಪ್ ಹಾಕಿ. ಹ್ಯಾಂಗರ್ ರಬ್ಬರ್ ಎಲ್ಲ ಹೊಸದಿರಲಿ. 304 ಪೈಪ್ 300 ಡಿಗ್ರಿ ಕಾದರೆ ಮೀಟರಿಗೆ ಸುಮಾರು 5 ಮಿ.ಮೀ. ಹಿಗ್ಗುತ್ತೆ, ಹಾಗಾಗಿ ಬಾಡಿಯಿಂದ ಸುತ್ತಲೂ 20–25 ಮಿ.ಮೀ. ಬಿಡಿ. ಬೋಲ್ಟ್ ಪೂರ್ತಿ ಬಿಗಿಯೋದು ಎಲ್ಲ ನೇರ ಮಾಡಿದ ಮೇಲೇ. ವೆಲ್ಡಿಂಗ್ ಮಾಡಿಸಿದರೆ ಬ್ಯಾಟರಿ ನೆಗೆಟಿವ್ ಬಿಚ್ಚಿಸಿ, ಅರ್ಥ್ ಕ್ಲಿಪ್ಪನ್ನು ಬೆಸುಗೆಯ ಪಕ್ಕದಲ್ಲೇ ಹಾಕಿಸಿ.

ಪ್ರಶ್ನೆ ಕೇಳಿದವರು:
ಸರಿ, 304, ಚೇಂಬರ್ ಇರೋದು. ಆಮೇಲೂ ಗುಂಯ್ ಉಳಿದರೆ?

ಉತ್ತರ 1:
ಮೊದಲು ಡಬ್ಬಿಯೋ ಪೈಪೋ ಬಾಡಿಗೆ ತಾಗುತ್ತಿದೆಯಾ ನೋಡಿ, ಎಷ್ಟೋ ಸಲ ಅದೇ ಕಾರಣ. ಇಲ್ಲವಾದರೆ ಆ ಗುಂಯ್ ತಗ್ಗಿಸಲು ಪೈಪಿನ ಬದಿಗೆ ತುದಿ ಮುಚ್ಚಿದ ಜೆ-ಪೈಪ್ (ಕವಲು ಪೈಪ್) ಸೇರಿಸಬಹುದು. ಅದರ ಉದ್ದ ಸದ್ದಿನ ಅಲೆಯುದ್ದದ ಕಾಲು ಭಾಗ: 100 ಹರ್ಟ್ಸ್‌ಗೆ ತಣ್ಣನೆ ಗಾಳಿಯಲ್ಲಿ 86 ಸೆಂ.ಮೀ., 230 ಡಿಗ್ರಿಯಲ್ಲಿ 112. ಮುಚ್ಚಿದ ಪೈಪ್ ಮುಖ್ಯ ಪೈಪಿನಷ್ಟು ಕಾಯಲ್ಲ, ಹಾಗಾಗಿ ಸರಿಯಾದ ಅಳತೆ ಇವೆರಡರ ನಡುವೆ ಸಿಗುತ್ತೆ. 112ರಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಕತ್ತರಿಸಿ, ಪ್ರತಿ ಸಲ ತುದಿಯನ್ನು ತಾತ್ಕಾಲಿಕವಾಗಿ ಮುಚ್ಚಿ ಓಡಿಸಿ ಕೇಳಿ, ಕೊನೆಗೆ ಮುಚ್ಚಳ ಬೆಸೆಯಿರಿ.