ಮದ್ದುಗುಂಡು ಸುಟ್ಟ ನೆಲದಲ್ಲಿ ವಿಷ ಏಕೆ ಉಳಿಯುತ್ತದೆ, ಅದನ್ನು ತೆಗೆಯುವುದು ಹೇಗೆ?

ಪ್ರಶ್ನೆ: ಹೇಮಾವತಿ ದಂಡೆ

ನಾನು ಪರಿಸರ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಓದುತ್ತಿದ್ದೇನೆ. ಸೆಮಿನಾರ್‌ಗಾಗಿ ಫ್ರಾನ್ಸಿನ ವೆರ್ಡನ್ ಪಟ್ಟಣದ ಈಶಾನ್ಯಕ್ಕಿರುವ ಸ್ಪಿಂಕೂರ್ ಕಾಡಿನ ಒಂದು ಜಾಗವನ್ನು ಆರಿಸಿಕೊಂಡಿದ್ದೇನೆ. ಅಲ್ಲಿನವರು ಅದನ್ನು 'ಪ್ಲಾಸ್ ಅ ಗಾಜ್', ಅಂದರೆ ಅನಿಲದ ಬಯಲು ಎಂದು ಕರೆಯುತ್ತಾರೆ. ಮೊದಲ ಮಹಾಯುದ್ಧದಲ್ಲಿ ಉಳಿದುಹೋದ ಸುಮಾರು 2,00,000 ರಾಸಾಯನಿಕ ಶೆಲ್‌ಗಳನ್ನು (ವಿಷವಸ್ತು ತುಂಬಿದ ಫಿರಂಗಿ ಗುಂಡುಗಳನ್ನು) 1928ರಲ್ಲಿ ಅಲ್ಲಿ ಸುಟ್ಟುಹಾಕಲಾಯಿತು. ಆದರೆ 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಲ್ಲಿನ ಮೇಲ್ಮಣ್ಣಿನ ಕೆಲವು ಮಾದರಿಗಳಲ್ಲಿ ತೂಕದ ಶೇ. 17ಕ್ಕೂ ಹೆಚ್ಚು ಪಾಲು ಆರ್ಸೆನಿಕ್ ಇತ್ತು. ಕಾಡಿನ ನಡುವೆ ಒಂದು ಹುಲ್ಲು, ಒಂದು ಪಾಚಿ, ಒಂದು ಕಲ್ಲುಹೂವಿನ ಜಾತಿ ಬಿಟ್ಟರೆ ಬಹುತೇಕ ಏನೂ ಬೆಳೆಯದ ಬೋಳು ನೆಲ ಉಳಿದಿದೆ. ಅಷ್ಟು ದೊಡ್ಡ ಬೆಂಕಿಯಲ್ಲಿ ಬೆಂದ ಮೇಲೂ ವಿಷ ಉಳಿದದ್ದು ಹೇಗೆ? ಸಿಡಿಯದ ಗುಂಡುಗಳು ಇನ್ನೂ ಹೂತಿರಬಹುದಾದ ಇಂಥ ನೆಲದಲ್ಲಿ ಮಣ್ಣಿನ ಮಾದರಿಯನ್ನು ಯಾವ ಧೈರ್ಯದಿಂದ ತೆಗೆಯುತ್ತಾರೆ? ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ: ರಸಾಯನದ ಮೇಷ್ಟ್ರು

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಪಿಯುಸಿ ಪಾಠದಲ್ಲೇ ಇದೆ. ಬೆಂಕಿ ಅಣುವನ್ನು ಒಡೆಯಬಲ್ಲದು, ಧಾತುವನ್ನು ಏನೂ ಮಾಡಲಾರದು. ಜರ್ಮನ್ ಸೇನೆಯ 'ನೀಲಿ ಶಿಲುಬೆ' ಗುರುತಿನ ಶೆಲ್‌ಗಳಲ್ಲಿ ಸ್ಫೋಟಕದ ನಡುವೆ ಒಂದು ಗಾಜಿನ ಸೀಸೆ ಇರುತ್ತಿತ್ತು. ಅದರಲ್ಲಿ ಡೈಫಿನೈಲ್ ಕ್ಲೋರೋಆರ್ಸಿನ್ ಅಥವಾ ಅದರ ಸಯನೈಡ್ ರೂಪವನ್ನು ತುಂಬುತ್ತಿದ್ದರು. ಇವೆರಡರ ಪ್ರತಿ ಅಣುವಿನಲ್ಲೂ ಒಂದು ಆರ್ಸೆನಿಕ್ ಪರಮಾಣು ಇದೆ. ಸುಟ್ಟಾಗ ಇಂಗಾಲವೂ ಕ್ಲೋರಿನ್ನೂ ಗಾಳಿಗೆ ಹೋದವು, ಆರ್ಸೆನಿಕ್ ಮಾತ್ರ ಆಕ್ಸೈಡ್ ಆಗಿ ಬೂದಿಯ ಜೊತೆ ಅಲ್ಲೇ ನೆಲಕ್ಕಿಳಿಯಿತು. ಅದೇ ಮಣ್ಣಿನಲ್ಲಿ ಸತು, ತಾಮ್ರ, ಸೀಸ ಕೂಡ ಅತಿಯಾಗಿ ಸಿಕ್ಕಿವೆ. ಶೆಲ್‌ನ ಸುತ್ತಲಿನ ತಾಮ್ರದ ಪಟ್ಟಿ ಮತ್ತು ಅದನ್ನು ಸಿಡಿಸುವ ಫ್ಯೂಜ್‌ನ ಲೋಹದ ಭಾಗಗಳನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ.

ಸ್ಫೋಟಕಗಳ ಕಥೆಯೇ ಬೇರೆ, ಅವು ಸಾವಯವ ವಸ್ತುಗಳು. ಟಿಎನ್‌ಟಿ ಮಣ್ಣಿನಲ್ಲಿ ಕ್ರಮೇಣ ಅಮೈನೋ ರೂಪಗಳಿಗೆ ತಿರುಗಿ ಜೈವಿಕ ಅಂಶಕ್ಕೆ ಅಂಟಿಕೊಳ್ಳುವುದರಿಂದ ಬಹಳ ದೂರ ಸಾಗುವುದಿಲ್ಲ. ಆರ್‌ಡಿಎಕ್ಸ್ ಹಾಗೆ ಅಂಟುವುದು ಕಡಿಮೆ, ಆದ್ದರಿಂದ ಮಳೆನೀರಿನೊಡನೆ ಇಳಿದು ಅಂತರ್ಜಲ ಸೇರುತ್ತದೆ. ಮದ್ದುಗುಂಡುಗಳಲ್ಲಿ ಬಳಸುವ, ನೀರಿನಲ್ಲಿ ಸುಲಭವಾಗಿ ಕರಗುವ ಪರ್‌ಕ್ಲೋರೇಟ್ ಲವಣ ಇನ್ನೂ ಸಲೀಸಾಗಿ ಸಾಗುತ್ತದೆ. ಅಮೆರಿಕದ ಕೇಪ್ ಕಾಡ್‌ನ ಮಿಲಿಟರಿ ನೆಲೆಯಲ್ಲಿ ಊರಿನ ಕುಡಿಯುವ ನೀರಿನ ಮೂಲಕ್ಕೇ ಅಪಾಯ ಬಂದಾಗ, 1997ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯು ಗುಂಡಿನ ಅಭ್ಯಾಸವನ್ನೇ ನಿಲ್ಲಿಸುವಂತೆ ಆದೇಶಿಸಬೇಕಾಯಿತು. ನಿಮ್ಮ ಸೆಮಿನಾರಿಗೆ ಒಂದು ಮಾತು: ಆರ್‌ಡಿಎಕ್ಸ್ ವ್ಯಾಪಕವಾಗಿ ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದಲ್ಲಿ. ಆದ್ದರಿಂದ ಸ್ಪಿಂಕೂರ್‌ನ ಮಣ್ಣಿನಲ್ಲಿ ಮೊದಲು ಅದನ್ನೇ ಹುಡುಕಹೊರಡುವುದು ದುಡ್ಡಿನ ದಂಡ. ಯಾವ ಕಾಲದ, ಯಾವ ದೇಶದ ಗುಂಡು ಎಂದು ತಿಳಿದ ಮೇಲೆಯೇ ಪ್ರಯೋಗಾಲಯಕ್ಕೆ ಪರೀಕ್ಷೆಗಳ ಪಟ್ಟಿ ಬರೆದುಕೊಡಬೇಕು.

ಉತ್ತರ: ನೆಲ ಅಳೆಯುವವ

ಮಾದರಿ ತೆಗೆಯುವ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಾನು ವೃತ್ತಿಯಿಂದ ಭೂಭೌತ ಸಮೀಕ್ಷೆ ಮಾಡುವವನು. ಮದ್ದುಗುಂಡಿನ ಜಾಗಗಳಲ್ಲಿ ಸ್ವತಃ ಕೆಲಸ ಮಾಡಿಲ್ಲವಾದರೂ ಅಲ್ಲಿ ಬಳಸುವ ಉಪಕರಣಗಳನ್ನು ಬಲ್ಲೆ. ಇಂಥ ನೆಲದಲ್ಲಿ ಸ್ಫೋಟಕ ತಜ್ಞರು ಮುಂದೆ ನಡೆದು ದಾರಿ ತೋರಿಸದ ಹೊರತು ಯಾರೂ ಗುದ್ದಲಿ ಎತ್ತುವಂತಿಲ್ಲ. ಮ್ಯಾಗ್ನೆಟೋಮೀಟರ್ ಕಬ್ಬಿಣವನ್ನಷ್ಟೇ ಗುರುತಿಸುತ್ತದೆ, ವಿದ್ಯುತ್ಕಾಂತೀಯ ಪ್ರೇರಣೆಯ ಉಪಕರಣವು ಹಿತ್ತಾಳೆ, ಅಲ್ಯೂಮಿನಿಯಂ ಸೇರಿದಂತೆ ಎಲ್ಲ ಲೋಹವನ್ನೂ ಗುರುತಿಸುತ್ತದೆ. ಕೊಳವೆ ಇಳಿಸಿ ಆಳದ ಮಣ್ಣು ತೆಗೆಯುವಾಗ, ಒಂದೆರಡು ಅಡಿ ಇಳಿದಾಗಲೆಲ್ಲ ಯಂತ್ರವನ್ನು ನಿಲ್ಲಿಸಿ, ಅದೇ ರಂಧ್ರದೊಳಗೆ ಮ್ಯಾಗ್ನೆಟೋಮೀಟರ್ ಇಳಿಬಿಟ್ಟು ಕೆಳಗೆ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಮುಂದುವರಿಯುತ್ತಾರೆ. ಸಂಕೇತ ಕೊಡುವ ವಸ್ತುಗಳಲ್ಲಿ ಬಹುಪಾಲು ಮೊಳೆ, ತಂತಿ, ಶೆಲ್ ಚೂರು, ಲಾಳದಂಥವೇ ಆಗಿರುತ್ತವೆ. ಆದರೂ ಪ್ರತಿಯೊಂದನ್ನೂ ಶೆಲ್ ಎಂದು ಭಾವಿಸಿಯೇ ಅಗೆಯಬೇಕಾಗುತ್ತದೆ. ಖರ್ಚು ಏರುವುದು ಇಲ್ಲಿಯೇ.

ಇದಕ್ಕಿಂತಲೂ ಹೆಚ್ಚು ಜನ ಎಡವುವುದು ಮಾದರಿಯ ಪ್ರಾತಿನಿಧ್ಯದ ವಿಷಯದಲ್ಲಿ. ಸ್ಫೋಟಕದ ಶೇಷ ಮಣ್ಣಿನಲ್ಲಿ ಸಕ್ಕರೆ ನೀರಿನಲ್ಲಿ ಕರಗಿದ ಹಾಗೆ ಸಮನಾಗಿ ಹರಡಿರುವುದಿಲ್ಲ. ಚುರುಮುರಿಯಲ್ಲಿ ಅಲ್ಲೊಂದು ಇಲ್ಲೊಂದು ಕಡಲೆಬೀಜ ಸಿಕ್ಕಂತೆ ಕಣಗಳಾಗಿ ಬಿದ್ದಿರುತ್ತದೆ. ಒಂದು ಹಿಡಿಗೆ ಕಣ ಸಿಕ್ಕರೆ ಫಲಿತಾಂಶ ಗಗನಕ್ಕೇರುತ್ತದೆ, ಪಕ್ಕದ ಹಿಡಿಗೆ ಸಿಗದಿದ್ದರೆ ನೆಲ ಶುದ್ಧ ಎಂಬ ವರದಿ ಬರುತ್ತದೆ. ಆದ್ದರಿಂದ ಜಾಗವನ್ನು ಘಟಕಗಳಾಗಿ ವಿಂಗಡಿಸಿ, ಪ್ರತಿ ಘಟಕದ 30ರಿಂದ 100 ಬಿಂದುಗಳಲ್ಲಿ ತುಸುತುಸುವೇ ಮಣ್ಣು ತೆಗೆದು ಒಂದೇ ಚೀಲಕ್ಕೆ ಸೇರಿಸುತ್ತಾರೆ. ಸ್ಫೋಟಕದ ಶೇಷ ಅಳೆಯಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ರೂಪಿಸಿದ 8330ಬಿ ವಿಧಾನದ ಪ್ರಕಾರ ಆ ಇಡೀ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಹಿಟ್ಟಿನಂತೆ ಅರೆದು, ಅದರಿಂದ 10 ಗ್ರಾಂ ಪರೀಕ್ಷೆಗೆ ಎತ್ತಿಕೊಳ್ಳುತ್ತಾರೆ. ಸ್ಥಳದಲ್ಲೇ ಅಂದಾಜು ಬೇಕಾದಾಗ ಮಣ್ಣನ್ನು ಅಸಿಟೋನ್‌ನಲ್ಲಿ ಕಲಕಿ, ಸೋಸಿ, ಕ್ಷಾರ ಬೆರೆಸುವ ಹಳೆಯ ಪರೀಕ್ಷೆಯೂ ಇದೆ. ಟಿಎನ್‌ಟಿ ಇದ್ದರೆ ದ್ರಾವಣ ಕೆಂಪಗಾಗುತ್ತದೆ. ಈ ಪರೀಕ್ಷೆ ಮುಖ್ಯವಾಗಲು ಇನ್ನೊಂದು ಕಾರಣವಿದೆ: ಮಣ್ಣಿನ ತೂಕದ ಸುಮಾರು ಶೇ. 10ಕ್ಕಿಂತ ಹೆಚ್ಚು ಸ್ಫೋಟಕವಿದ್ದರೆ, ಶೆಲ್ ಇರಲಿ ಬಿಡಲಿ, ಆ ಮಣ್ಣನ್ನೇ ಸ್ಫೋಟಕವೆಂದು ಪರಿಗಣಿಸಿ ನಿಭಾಯಿಸಬೇಕಾಗುತ್ತದೆ.

ಮರುಪ್ರಶ್ನೆ: ಹೇಮಾವತಿ ದಂಡೆ

ಇಬ್ಬರಿಗೂ ಧನ್ಯವಾದಗಳು. ಆರ್ಸೆನಿಕ್ ಹೀರುವ ಜರಿಗಿಡವೊಂದಿದೆ ಎಂದು ಓದಿದ್ದೇನೆ, ಅದು ನಮ್ಮ ಕಡೆ ಹಳೆಯ ಗೋಡೆಗಳ ಸಂದಿನಲ್ಲೂ ಬೆಳೆಯುತ್ತದೆ. ಕಲುಷಿತ ಮಣ್ಣನ್ನು ಗೊಬ್ಬರದ ಜೊತೆ ಬೆರೆಸಿ ಶುದ್ಧ ಮಾಡುವ ಕ್ರಮವೂ ಇದೆಯಂತೆ. ಸ್ಪಿಂಕೂರ್‌ಗೆ ಇವನ್ನು ಸೂಚಿಸಬಹುದೇ?

ಉತ್ತರ: ತಿಪ್ಪೆಗುಂಡಿ

ಗೊಬ್ಬರದ ಕ್ರಮ ನಿಜ, ಅದರ ಒಳ್ಳೆಯ ಉದಾಹರಣೆ ಅಮೆರಿಕದ ಆರೆಗಾನ್ ರಾಜ್ಯದ ಯುಮಟಿಲ್ಲಾ ಸೇನಾ ಡಿಪೋ. ಹಳೆಯ ಬಾಂಬುಗಳೊಳಗಿನ ಸ್ಫೋಟಕವನ್ನು ಬಿಸಿನೀರಿನಿಂದ ತೊಳೆದು ತೆಗೆದ ನೀರನ್ನು 1950 ಮತ್ತು 60ರ ದಶಕಗಳಲ್ಲಿ ಅಲ್ಲಿ ತಳಕ್ಕೆ ಏನೂ ಹಾಸದ ಎರಡು ಹೊಂಡಗಳಿಗೆ ಬಿಡುತ್ತಿದ್ದರು. ಆ ಮಣ್ಣನ್ನು ಕುಲುಮೆಯಲ್ಲಿ ಸುಡುವ ಬದಲು ದನದ ಸಗಣಿ, ಕೋಳಿ ಗೊಬ್ಬರ, ಮರದ ಹೊಟ್ಟು, ಕುದುರೆ ಮಸಾಲೆ ಸೊಪ್ಪು, ಆಲೂಗಡ್ಡೆಯ ಕಸ ಇವುಗಳ ಜೊತೆ ಬೆರೆಸಿ, ಉದ್ದನೆಯ ರಾಶಿ ಹಾಕಿ, ಆಗಾಗ ಮಗುಚಿದರು. ಮಿಶ್ರಣದಲ್ಲಿ ಮಣ್ಣಿನ ಪಾಲು ಸುಮಾರು ಶೇ. 30 ಮಾತ್ರ. ರಾಶಿ ಬಿಸಿಯೇರಿ, ಸೂಕ್ಷ್ಮಜೀವಿಗಳು ಟಿಎನ್‌ಟಿ ಮತ್ತು ಆರ್‌ಡಿಎಕ್ಸ್ ಎರಡನ್ನೂ ಶೇ. 99ಕ್ಕಿಂತ ಹೆಚ್ಚು ತಗ್ಗಿಸಿದವು. ನಮ್ಮ ಹಿತ್ತಲಿನ ತಿಪ್ಪೆಯ ತತ್ವವೇ ಇದು, ಆದರೆ ತಾಪ, ತೇವ, ಗಾಳಿಯನ್ನು ದಿನವೂ ಅಳೆದು ಮಾಡಿದ ತಿಪ್ಪೆ.

ಆದರೆ ಮೇಷ್ಟ್ರು ಹೇಳಿದ್ದನ್ನು ಮರೆಯಬೇಡಿ. ಸೂಕ್ಷ್ಮಜೀವಿಗೂ ಧಾತುವನ್ನು ಒಡೆಯಲಾಗದು. ಸ್ಪಿಂಕೂರ್‌ನ ಆರ್ಸೆನಿಕ್ ಮಣ್ಣಿಗೆ ಗೊಬ್ಬರ ಹಾಕಿದರೆ ಅಪಾಯ ಹೆಚ್ಚಲೂಬಹುದು, ಏಕೆಂದರೆ ಗೊಬ್ಬರದ ಫಾಸ್ಫೇಟ್ ಮಣ್ಣಿನ ಕಣಗಳ ಮೇಲೆ ಆರ್ಸೆನೇಟ್ (ಆಮ್ಲಜನಕದೊಡನೆ ಕೂಡಿದ ಆರ್ಸೆನಿಕ್) ಕುಳಿತ ಜಾಗವನ್ನೇ ಆಕ್ರಮಿಸಿ ಅದನ್ನು ನೀರಿಗೆ ತಳ್ಳುತ್ತದೆ. ಇಲ್ಲೊಂದು ಇಕ್ಕಟ್ಟಿದೆ: ಸೀಸವನ್ನು ಕಟ್ಟಿಹಾಕಲು ಫಾಸ್ಫೇಟ್ ಒಳ್ಳೆಯದು, ಆರ್ಸೆನಿಕ್ ಕಟ್ಟಿಹಾಕಲು ಕಬ್ಬಿಣದ ಆಕ್ಸೈಡ್ ಬೇಕು, ಮತ್ತು ನಿಮ್ಮ ಜಾಗದಲ್ಲಿ ಎರಡೂ ವಿಷಗಳಿವೆ. ಇನ್ನು ಜರಿಗಿಡದ ವಿಷಯ. ಟೆರಿಸ್ ವಿಟಾಟಾ ಎಂಬ ಆ ಜಾತಿ ಆರ್ಸೆನಿಕ್ ಅನ್ನು ಎಲೆಗಳಲ್ಲಿ ಶೇಖರಿಸುತ್ತದೆಂದು ಫ್ಲೋರಿಡಾದ ವಿಜ್ಞಾನಿಗಳು 2001ರಲ್ಲಿ ತೋರಿಸಿಕೊಟ್ಟರು. ಅದರ ಬೇರು ಹೆಚ್ಚು ಆಳಕ್ಕೆ ಇಳಿಯದು. ಅದಕ್ಕೆ ಹಿತವಾದದ್ದು ಸುಣ್ಣದ ಅಂಶವಿರುವ ನೆಲ, ಸ್ಪಿಂಕೂರ್‌ನ ಮೇಲ್ಮಣ್ಣು ಆಮ್ಲೀಯ. ಕತ್ತರಿಸಿದ ಎಲೆಯೇ ಮತ್ತೆ ವಿಷದ ಕಸವಾಗುತ್ತದೆ. ತೆಳುವಾಗಿ ಹರಡಿದ ಮಾಲಿನ್ಯಕ್ಕೆ ಅದು ಸರಿ, ಶೇ. 17ರಷ್ಟು ಆರ್ಸೆನಿಕ್ ಇರುವ ಮಣ್ಣಿಗೆ ಖಂಡಿತ ಅಲ್ಲ.

ಉತ್ತರ: ಪೊಟೊಮ್ಯಾಕ್ ತೀರದ ಕನ್ನಡಿಗ

ಆ ಜರಿಗಿಡವನ್ನು ನಿಜವಾಗಿ ನೆಟ್ಟ ಜಾಗ ನಮ್ಮ ವಾಷಿಂಗ್ಟನ್ನಿನ ಸ್ಪ್ರಿಂಗ್ ವ್ಯಾಲಿ ಬಡಾವಣೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕನ್ ವಿಶ್ವವಿದ್ಯಾಲಯದ ಆವರಣದಲ್ಲಿ ಸೇನೆಯು ರಾಸಾಯನಿಕ ಅಸ್ತ್ರಗಳನ್ನು ಪರೀಕ್ಷಿಸುತ್ತಿತ್ತು, ಯುದ್ಧ ಮುಗಿದಾಗ ಉಳಿದದ್ದರಲ್ಲಿ ಒಂದಷ್ಟನ್ನು ಅಲ್ಲೇ ಹೂತುಬಿಟ್ಟಿತು. ಅದರ ಮೇಲೆ ದುಬಾರಿ ಮನೆಗಳೆದ್ದವು. 1993ರ ಜನವರಿಯಲ್ಲಿ ಕಾಲುವೆ ತೋಡುತ್ತಿದ್ದ ಕೆಲಸಗಾರರಿಗೆ ಶೆಲ್‌ಗಳು ಸಿಕ್ಕಾಗಲೇ ಈ ವಿಷಯ ಮತ್ತೆ ಬೆಳಕಿಗೆ ಬಂದದ್ದು. ಸೇನೆಯ ಎಂಜಿನಿಯರುಗಳ ದಳ 661 ಎಕರೆಯ ಪ್ರದೇಶವನ್ನು ಪರಿಶೀಲಿಸಿ, 1995ರಲ್ಲಿ ಇನ್ನೇನೂ ಮಾಡಬೇಕಾಗಿಲ್ಲವೆಂದು ತೀರ್ಮಾನಿಸಿತು. ನಗರದ ಆರೋಗ್ಯ ಇಲಾಖೆ ಒಪ್ಪಲಿಲ್ಲ. ಹಳೆಯ ವೈಮಾನಿಕ ಚಿತ್ರಗಳನ್ನು ಮತ್ತೆ ನೋಡಿದಾಗ, ಒಂದು ಹೂಳುಗುಂಡಿಯನ್ನು ನಕ್ಷೆಯಲ್ಲಿ ಸುಮಾರು 150 ಅಡಿ ಆಚೆ ಗುರುತಿಸಲಾಗಿತ್ತೆಂದು ಕಂಡುಬಂದಿತು. ಸರಿಯಾದ ಜಾಗದಲ್ಲಿ, ಅಂದರೆ ದಕ್ಷಿಣ ಕೊರಿಯಾ ರಾಯಭಾರಿಯ ನಿವಾಸದ ಹಿತ್ತಲಿನಲ್ಲಿ ಅಗೆದಾಗ ನೂರಾರು ವಸ್ತುಗಳು ಹೊರಬಂದವು.

ಆಮೇಲೆ ಸಾವಿರಕ್ಕೂ ಹೆಚ್ಚು ನಿವೇಶನಗಳ ಮಣ್ಣು ಪರೀಕ್ಷೆಯಾಯಿತು. ಕಿಲೋ ಮಣ್ಣಿಗೆ 20 ಮಿಲಿಗ್ರಾಂ ಆರ್ಸೆನಿಕ್ ಎಂಬ ಮಿತಿ ನಿಗದಿಯಾಯಿತು. ಮಿತಿ ಮೀರಿದ ಕಡೆ ಮಣ್ಣನ್ನು ಅಗೆದು ಸಾಗಿಸಿ ಹೊಸ ಮಣ್ಣು ತುಂಬಿದರು. ಉಳಿಸಿಕೊಳ್ಳಬೇಕಾದ ಹಳೆಯ ಮರಗಳಿದ್ದ ಕೆಲವು ಅಂಗಳಗಳಲ್ಲಿ ಮಾತ್ರ, 2004ರಿಂದ ಕೆಲವು ವರ್ಷ, ಜರಿಗಿಡ ನೆಟ್ಟರು. ಗ್ಲೆನ್‌ಬ್ರೂಕ್ ರಸ್ತೆಯ ಒಂದು ಮನೆಯನ್ನಂತೂ 2012ರಲ್ಲಿ ಕೆಡವಿ, ಗಾಳಿ ಸೋಸುವ ಯಂತ್ರಗಳಿದ್ದ ಡೇರೆಯೊಳಗೆ ವರ್ಷಗಟ್ಟಲೆ ಅಗೆದರು. ಅಲ್ಲಿನ ಹೂಳುಗುಂಡಿ ಎಲ್ಲಿರಬಹುದೆಂಬುದಕ್ಕೆ ದೊರೆತ ಮುಖ್ಯ ಸುಳಿವುಗಳಲ್ಲೊಂದು 1918ರ ಒಂದು ಛಾಯಾಚಿತ್ರ: ಜಾಡಿಗಳನ್ನು ಗುಂಡಿಗೆ ಇಳಿಸುತ್ತಿರುವ ಸೈನಿಕನ ಚಿತ್ರ, ಅದರ ಹಿಂಬದಿಯಲ್ಲಿ ಆ ಗುಂಡಿಯ ಹೆಸರು ಪಾತಾಳ ಎಂಬರ್ಥದ ಬರಹವಿದೆ. ಹೇಮಾವತಿಯವರೇ, ನಿಮ್ಮ ಸೆಮಿನಾರಿನಲ್ಲಿ ಮಾದರಿ ಬಿಂದುಗಳ ನಕ್ಷೆಗೆ ಮೊದಲು ಹಳೆಯ ಚಿತ್ರಗಳು, ಗುತ್ತಿಗೆ ಕಾಗದಗಳು ಮತ್ತು ಸಾಗಣೆ ರೈಲು ಹಳಿಗಳ ನಕ್ಷೆಗೆ ಒಂದು ಸ್ಲೈಡ್ ಇಡಿ.

ಉತ್ತರ: ನೆಲ ಅಳೆಯುವವ

ಆ 150 ಅಡಿಯ ತಪ್ಪು ಎಂಥದ್ದೆಂದು ನಮ್ಮಂಥವರಿಗೆ ಚೆನ್ನಾಗಿ ಗೊತ್ತು. ಹಳೆಯ ಚಿತ್ರವನ್ನು ಇಂದಿನ ನಕ್ಷೆಗೆ ಹೊಂದಿಸುವಾಗ, ಬದಲಾಗದೆ ಉಳಿದ ಕಟ್ಟಡ ಅಥವಾ ರಸ್ತೆಯ ಕೂಡು ಕನಿಷ್ಠ ನಾಲ್ಕೈದಾದರೂ ಸಿಗಬೇಕು. ಸ್ಪಿಂಕೂರ್‌ನಂಥ ಕಾಡಿನಲ್ಲಿ ಅವು ಸಿಗುವುದು ಕಷ್ಟ, ಆದ್ದರಿಂದ ಪ್ರತಿ ಗುರುತಿನ ಸುತ್ತ ತಪ್ಪಿನ ಅಂದಾಜಿನಷ್ಟು ಅಗಲದ ವೃತ್ತವನ್ನೂ ಎಳೆದು ತೋರಿಸಿ. ಮಾದರಿ ತೆಗೆಯಬೇಕಾದದ್ದು ಆ ವೃತ್ತದಷ್ಟೂ ಜಾಗದಲ್ಲಿ.